ಬ್ಯಾರಿಸ್ಟರ್ ಜೋನ್ಸನ ಪೂರ್ವಕೃತಿಗಳು

ಶಾಕುಂತಲ ನಾಟಕವನ್ನು ಯೂರೋಪಿನವರಿಗೆ ಮೊದಲು ತೋರಿಸಿಕೊಟ್ಟವನು ಸರ್ ವಿಲಿಯಂ ಜೋನ್ಸನೆಂಬುದನ್ನು ಅರಿಯದ ವಿದ್ಯಾವಂತರು ವಿರಳ. ೧೭೮೪ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದವನು, ಮನುಸ್ಮೃತಿಯನ್ನು ಇಂಗ್ಲಿಷಿಗೆ ತಂದವನು, ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್ ಭಾಷೆಗಳಿಗೂ ಇರುವ ಸೋದರಸಂಬಂಧವನ್ನು ಸಾರಿದವನು ಎಂದು ಆತನ ಕೀರ್ತಿಯನ್ನು ಎಣಿಸುವುದು ವಾಡಿಕೆ. ಈ ಎಣಿಕೆಯಲ್ಲಿ ೧೭೭೦ರಿಂದ ೧೭೮೩ರವರೆಗಿನ ಹದಿಮೂರು ವರ್ಷಗಳಿಗೆ ಸಾಮಾನ್ಯವಾಗಿ ಸ್ಥಾನವೇ ಇರುವುದಿಲ್ಲ. ಆಕ್ಸ್‌ಫರ್ಡಿನ ಪಂಡಿತನೊಬ್ಬನು ಹೊಟ್ಟೆಯ ಪಾಡಿಗಾಗಿ ಕಾವ್ಯವನ್ನು ತೊರೆದು ಲಾಯರಿಕೆಗೆ ಇಳಿದನು. ದೈವವಶದಿಂದ ಕಲ್ಕತ್ತೆಗೆ ಬಂದು ಮತ್ತೆ ಸರಸ್ವತಿಯ ಪಾದವನ್ನು ಹಿಡಿದನು. ನಡುವಣ ಕಾಲವು ವ್ಯರ್ಥವಾಯಿತು ಎಂಬ ಭಾವನೆಯೇ ಬಲವಾಗಿದೆ. ಶಾಸ್ತ್ರಪರಿಶ್ರಮವುಳ್ಳ ಮಗನು ವಕೀಲಿಗೆ ಹೊರಟರೆ ಓದಿದ ವಿದ್ಯೆಗೆ ಎಳ್ಳುನೀರು ಬಿಟ್ಟಂತಾಯಿತೆಂದು ಮರುಗುವ ಹಿರಿಯರು ಇಂದಿಗೂ ಉಂಟಷ್ಟೆ. ಜೋನ್ಸನ ವಿಷಯದಲ್ಲಿ ಆಡುವ ಮಾತೂ ಅದೇ ಜಾತಿಯದು. ಆತನು ಆ ಹದಿಮೂರು ವರ್ಷಗಳಲ್ಲಿ ಬರೆದುದನ್ನು ತೆರೆದು ನೋಡಿದವರು ಹಾಗೆ ಹೇಳಲಾರರು. ಆತನ ಸಂಸ್ಕೃತಸೇವೆಯ ಗುಣವೂ ಅದರ ದೋಷವೂ ಎರಡೂ ಆ ಪುಸ್ತಕಗಳಲ್ಲಿ ಮೊಳಕೆಯೊಡೆದಿವೆ.

ಜೋನ್ಸನು ೧೭೪೬ನೆಯ ಸೆಪ್ಟೆಂಬರ್ ೨೮ರಂದು ಲಂಡನಿನಲ್ಲಿ ಜನಿಸಿದನು. ತಂದೆಯು ವೇಲ್ಸ್ ಸೀಮೆಯ ಆಂಗ್ಲೆಸಿ ದ್ವೀಪದವನು, ಗಣಿತಜ್ಞ. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವನ್ನು ‘ಪೈ’ ಎಂಬ ಗ್ರೀಕ್ ಅಕ್ಷರದಿಂದ ೧೭೦೬ರಲ್ಲಿ ಮೊದಲು ಸೂಚಿಸಿದವನು ಈತನೇ. ಮಗನು ಇನ್ನೂ ಹಸುಗೂಸಾಗಿದ್ದಾಗಲೇ, ೧೭೪೯ರಲ್ಲಿ, ತಂದೆ ತೀರಿಕೊಂಡನು. ತಾಯಿಯು ವಿವೇಕವತಿ, ಮಗು ಏನನ್ನು ಕೇಳಿದರೂ ಓದಿ ತಿಳಿದುಕೊಳ್ಳೆಂದು ಪುಸ್ತಕವನ್ನು ಮುಂದಿಡುವುದು ಆಕೆಯ ಪದ್ಧತಿಯಾಗಿತ್ತಂತೆ. ಹ್ಯಾರೋ ಪಾಠಶಾಲೆಯಲ್ಲಿ ಗ್ರೀಕ್ ಲ್ಯಾಟಿನ್‌ಗಳನ್ನು ಕಲಿತು, ೧೭೬೪ರಲ್ಲಿ ಆಕ್ಸ್‌ಫರ್ಡಿನ ಯೂನಿವರ್ಸಿಟಿ ಕಾಲೇಜನ್ನು ಸೇರಿ, ಅಲೆಪ್ಪೋ ಪಟ್ಟಣದವನೊಬ್ಬನನ್ನು ಲಂಡನಿನಿಂದ ಜತೆಯಲ್ಲಿ ಕರೆದೊಯ್ದು ಅವನಿಂದ ಅರಬ್ಬಿಯನ್ನು ಅಭ್ಯಸಿಸಿದನು. ೧೭೬೫ರಲ್ಲಿ ಸ್ಪೆನ್ಸರ್ ಪ್ರಭುವಿನ ಮಗನಿಗೆ ಮನೆಪಾಠ ಹೇಳುವ ಕೆಲಸ ದೊರೆಯಿತು. ಮರುವರ್ಷ ಕಾಲೇಜಿನ ಫೆಲೋ ಆದನು. ಡೆನ್ಮಾರ್ಕಿನ ದೊರೆಯ ಅಪೇಕ್ಷೆಯಂತೆ ನಾದಿರ್ ಷಹನ ಪಾರಸಿ ಚರಿತ್ರೆಯನ್ನು ಫ್ರೆಂಚಿಗೆ ಪರಿವರ್ತಿಸಿ ೧೭೭೦ರಲ್ಲಿ ಅಚ್ಚು ಹಾಕಿಸಿದನು. ಕೀರ್ತಿ ಬಂದಿತು, ಜೀವನಕ್ಕೆ ಆಧಾರ ಬರಲಿಲ್ಲ. ಇಪ್ಪತ್ತನಾಲ್ಕರ ಪ್ರಾಯದಲ್ಲಿ ಆತನಿಗೆ ಅರಿವಾದದ್ದೇನೆಂದರೆ, ದೊಡ್ಡವರ ಮನೆಯಲ್ಲಿ ಮಗುವಿಗೆ ಪಾಠ ಹೇಳುವ ಪಂಡಿತನು ಎಷ್ಟು ಭಾಷೆಗಳನ್ನು ಬಲ್ಲವನಾದರೂ ಆ ಮನೆಯವರ ಮುಖವನ್ನೇ ನೋಡುತ್ತಿರಬೇಕೆಂಬುದು. ಸ್ವತಂತ್ರನಾಗಿ ಬದುಕಬೇಕು, ಆದರೆ ಪಾರ್ಲಿಮೆಂಟಿನಲ್ಲಿ ಮಾತನಾಡಬೇಕು ಎಂಬ ಹಂಬಲದಿಂದ ಆತನು ಆ ವರ್ಷವೇ ‘ಮಿಡ್ಲ್ ಟೆಂಪಲ್’ ಎಂಬಲ್ಲಿ ನ್ಯಾಯಶಾಸ್ತ್ರದ ಶಿಷ್ಯನಾಗಿ ಹೆಸರು ಬರೆಯಿಸಿದನು.

ಲಂಡನಿನಲ್ಲಿ ಬ್ಯಾರಿಸ್ಟರಾಗಬೇಕೆನ್ನುವವನು ನ್ಯಾಯವಾದಿಗಳ ನಾಲ್ಕು ಮಠಗಳಲ್ಲಿ ಒಂದನ್ನು ಸೇರಬೇಕು. ಮಿಡ್ಲ್ ಟೆಂಪಲ್ ಅಂಥ ಒಂದು ಮಠ. ಆ ಕಾಲದಲ್ಲಿ ಅಲ್ಲಿ ಕ್ರಮವಾದ ಪಾಠವಿರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಕಡ್ಡಾಯದ ಪರೀಕ್ಷೆ ಬಂದದ್ದು ೧೮೭೨ರಲ್ಲಿ. ಗೊತ್ತಾದ ಅವಧಿಗಳಲ್ಲಿ ಮಠದ ಹಜಾರದಲ್ಲಿ ಊಟಮಾಡಿ ಹಾಜರಿಯನ್ನು ತೋರಿಸಿದರೆ ವಿಧಿಯು ತೀರಿತು. (ಷೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ೧೬೦೨ರಲ್ಲಿ ಅಭಿನಯವಾದದ್ದು ಇದೇ ಹಜಾರದಲ್ಲಿ.) ವಿದ್ಯೆಯನ್ನೆಲ್ಲ ಶಿಷ್ಯನು ತಾನೇ ಸಂಪಾದಿಸಬೇಕು, ಕೋರ್ಟಿನಲ್ಲಿ ಕುಳಿತು ವಾದಗಳನ್ನು ಕೇಳಬೇಕು, ಟಿಪ್ಪಣಿ ಬರೆದುಕೊಳ್ಳಬೇಕು, ಹಳೆಯ ತೀರ್ಪುಗಳ ಸಂಪುಟಗಳನ್ನು ಅರೆಯಬೇಕು. ಬ್ಲ್ಯಾಕ್‌ಸ್ಟನನು ಆಕ್ಸ್‌ಫರ್ಡಿನಲ್ಲಿ ಮಾಡಿದ ಉಪನ್ಯಾಸಗಳಿಂದ ಬೆಳೆದ ನಾಲ್ಕು ಸಂಪುಟಗಳ ವ್ಯಾಖ್ಯಾನವು ೧೭೬೫ರಿಂದ ೧೭೬೯ರೊಳಗೆ ಪ್ರಕಟವಾಗಿದ್ದುದೊಂದೇ ಆ ತಲೆಮಾರಿನ ಶಿಷ್ಯರ ಭಾಗ್ಯ. ಗುರುಮುಖವಿಲ್ಲದ ಇಂಥ ಗುರುಕುಲದಲ್ಲಿ ಹಲವರು ಊಟವನ್ನಷ್ಟೇ ಮುಗಿಸಿ ಹೋಗುತ್ತಿದ್ದರು. ಜೋನ್ಸನು ಹಾಗಲ್ಲ. ಐದಾರು ಭಾಷೆಗಳ ವ್ಯಾಕರಣವನ್ನು ಜೀರ್ಣಿಸಿಕೊಂಡವನಿಗೆ ಮತ್ತೊಂದು ಶಾಸ್ತ್ರವನ್ನು ಬುಡದಿಂದ ಹಿಡಿದು ಕಲಿಯುವ ವಿಧಾನವು ಅಭ್ಯಾಸವಾಗಿತ್ತು.

ಈ ಶಿಷ್ಯಾವಸ್ಥೆಯ ನಾಲ್ಕು ವರ್ಷಗಳಲ್ಲಿಯೇ ಆತನ ಸಾಹಿತ್ಯಕೃತಿಗಳು ಒಂದರ ಹಿಂದೊಂದು ಹೊರಬಿದ್ದವು. ೧೭೭೧ರಲ್ಲಿ ಪಾರಸಿ ವ್ಯಾಕರಣ. ೧೭೭೨ರಲ್ಲಿ ಪೌರಸ್ತ್ಯ ಕವಿತೆಗಳ ಸಂಗ್ರಹ, ಅದರ ಕೊನೆಯಲ್ಲಿ ಎರಡು ಪ್ರಬಂಧಗಳು. ೧೭೭೪ರಲ್ಲಿ ಏಷ್ಯಾದ ಕಾವ್ಯವನ್ನು ಕುರಿತ ಲ್ಯಾಟಿನ್ ಗ್ರಂಥ. ವ್ಯಾಕರಣದ ನಡುವೆ ಹಾಫಿಜನ ಪ್ರಸಿದ್ಧವಾದ ಒಂದು ಗಜಲನ್ನು ಇಂಗ್ಲಿಷ್ ಪದ್ಯದಲ್ಲಿ ಕೊಟ್ಟಿದ್ದಾನೆ. ಮೂಲದ ಎರಡೆರಡು ಪಾದಗಳು ಇಂಗ್ಲಿಷಿನಲ್ಲಿ ಆರಾರು ಪಾದಗಳಾಗಿ ಉಬ್ಬಿಕೊಂಡಿವೆ. ಇಂಪು ಇದೆ, ಹೂವಿನ ತೋರಣವಿದೆ. ಹಾಫಿಜನ ಮಿತವಾಕ್ಕು ಎಲ್ಲಿಯೂ ಕಾಣದು. ಆಂಗ್ಲ ವಾಚಕರು ಅದನ್ನು ಬಹುಕಾಲ ಮೆಚ್ಚಿದರಾದರೂ ಅನುವಾದವೆಂಬ ದೃಷ್ಟಿಯಿಂದ ಅದು ಹುಡುಗತನದ ಕೃತಿಯೆನ್ನದೆ ವಿಧಿಯಿಲ್ಲ.

ಎರಡು ಪ್ರಬಂಧಗಳ ಮಾತು ಬೇರೆ. ಅವುಗಳಲ್ಲೊಂದು ‘ಅನುಕರಣಕಲೆಗಳು’ ಎಂದು ಹೆಸರು ಹೊತ್ತಿರುವ ಕಲೆಗಳನ್ನು ಕುರಿತದ್ದು. ಕಾವ್ಯವು ಪ್ರಕೃತಿಯ ಅನುಕರಣವೆಂದು ಅರಿಸ್ಟಾಟಲನ ಕಾಲದಿಂದ ನಡೆದುಬಂದ ಮತವನ್ನು ಪೂರ್ವಪಕ್ಷವಾಗಿಟ್ಟು, ಜೋನ್ಸನು ಅದನ್ನು ನಿರಾಕರಿಸುತ್ತಾನೆ. ಕಾವ್ಯದ ಮೂಲವು ಅನುಕರಣವಲ್ಲ, ಹೃದಯದಲ್ಲಿ ಉಕ್ಕಿದ ಭಾವದ ಪ್ರಕಾಶನವೆಂಬುದು ಆತನ ಸಿದ್ಧಾಂತ. ಭರತನ ಹೆಸರನ್ನೇ ಕೇಳದ ಇಪ್ಪತ್ತಾರು ವರ್ಷದವನು, ಲಂಡನಿನಲ್ಲಿ ನ್ಯಾಯಶಾಸ್ತ್ರವನ್ನು ಓದುತ್ತ, ಭಾವವೇ ಕಾವ್ಯದ ಬೀಜವೆಂಬ ಮಾತಿಗೆ ತಾನಾಗಿ ಬಂದು ತಲಪಿದನಲ್ಲ! ಕ್ರೌಂಚದ ಶೋಕವು ಶ್ಲೋಕವಾದ ಕಥೆಯನ್ನು ಬಾಲ್ಯದಿಂದ ಕೇಳಿದವರಿಗೆ ಇದರಲ್ಲಿ ಹೊಸತೇನೂ ತೋರದು. ಇಂಗ್ಲೆಂಡಿನಲ್ಲಿ ಮಾತ್ರ ಅದು ಹೊಸತಾಗಿತ್ತು. ವರ್ಡ್ಸ್‌ವರ್ತನ ಪೀಳಿಗೆಯು ಅದೇ ದಾರಿಯಲ್ಲಿ ನಡೆಯಲು ಇನ್ನೂ ಕಾಲು ಶತಮಾನ ಬೇಕಾಯಿತು. ರಸವಿಚಾರವು ಇಲ್ಲಿ ಪೂರ್ಣವಾಗಿ ಬಂದಿದೆಯೆಂದು ಎಣಿಸತಕ್ಕದ್ದಲ್ಲ. ಕವಿಯ ಭಾವವನ್ನು ಹೇಳಿದನೇ ಹೊರತು ಸಹೃದಯನ ಆಸ್ವಾದದವರೆಗೆ ಜೋನ್ಸನು ಹೋಗಲಿಲ್ಲ. ಆದರೆ ಪ್ರಬಂಧದ ಕಟ್ಟಡವು ಗಮನಾರ್ಹವಾದದ್ದು: ಎದುರು ಪಕ್ಷದ ಮಾತನ್ನು ಅದರ ಪೂರ್ಣಬಲದೊಡನೆ ಹೇಳಿ, ಒಂದೊಂದು ಕಲೆಯನ್ನು ಸಾಕ್ಷಿಯಾಗಿ ಕರೆದು ಪಾಟೀಸವಾಲು ಮಾಡಿ, ಅನಂತರ ತನ್ನ ನಿರ್ಣಯವನ್ನು ಕೊಡುವ ಕ್ರಮ. ಆಕ್ಸ್‌ಫರ್ಡಿನ ಪಾಂಡಿತ್ಯಕ್ಕೆ ಟೆಂಪಲಿನ ಗಾಳಿ ಆಗಲೇ ತಾಗಿದೆ.

ಅದೇ ಗಾಳಿಯ ಕೆಡುಕೂ ಅದೇ ಕಾಲದಲ್ಲಿ ಕಾಣಿಸಿಕೊಂಡಿತು. ಆಂಕೆತಿಲ್ ದ್ಯುಪೆರೋಂ ಎಂಬ ಫ್ರೆಂಚ್ ಪಂಡಿತನು ಸೂರತ್ತಿನ ಪಾರಸಿಗಳ ಬಳಿ ವರ್ಷಗಟ್ಟಲೆ ಇದ್ದು ಕಲಿತು ೧೭೭೧ರಲ್ಲಿ ಜೆಂದ್ ಅವೆಸ್ತಾವನ್ನು ಪ್ರಕಟಿಸಿದನು. ಪುಸ್ತಕದಲ್ಲಿ ಆಕ್ಸ್‌ಫರ್ಡಿನ ವಿದ್ವಾಂಸರನ್ನು ಹಗುರವಾಗಿ ಆಡಿದ್ದನು. ಜೋನ್ಸನು ಹೆಸರಿಡದೆ ಫ್ರೆಂಚಿನಲ್ಲಿಯೇ ಒಂದು ಪತ್ರವನ್ನು ಅಚ್ಚು ಮಾಡಿಸಿ ಆತನನ್ನು ಹಿಂಡಿಬಿಟ್ಟನು. ಇಂಥ ಅಸಂಬದ್ಧವಾದ ಪ್ರಲಾಪವು ಜರತುಷ್ಟ್ರನ ಕೃತಿಯಾಗಲಾರದು, ಇದು ಕೃತ್ರಿಮವೆಂಬುದು ಆತನ ವಾದ. ಪತ್ರದಲ್ಲಿ ವ್ಯಂಗ್ಯವು ಹರಿತವಾಗಿದೆ, ಭಾಷೆ ಬೆಡಗಿನದು, ವಾದವೆಲ್ಲ ತಪ್ಪು. ಡೆನ್ಮಾರ್ಕಿನ ರಾಸ್ಕನು ೧೮೨೬ರಲ್ಲಿ ಅವೆಸ್ತಾದ ಪ್ರಾಚೀನತೆಯನ್ನು ಸ್ಥಾಪಿಸಿದ ಮೇಲೆ ಆ ಆಕ್ಷೇಪಕ್ಕೆ ನಿಲ್ಲಲು ನೆಲೆಯಿಲ್ಲದಾಯಿತು. ಮೂಲಭಾಷೆಯನ್ನು ತಾನು ಒಂದಕ್ಷರವೂ ಅರಿಯದೆ, ಸಾಕ್ಷಿಯ ವೇಷವನ್ನೂ ಮಾತಿನ ಒರಟುತನವನ್ನೂ ನೋಡಿ ಅವನು ಸುಳ್ಳನೆಂದು ತೀರ್ಮಾನಿಸುವುದು ಎಳೆಯ ವಕೀಲನ ಸಹಜದೋಷ. ೧೭೮೯ರಲ್ಲಿ ಪಾರಸಿಕರನ್ನು ಕುರಿತು ಉಪನ್ಯಾಸ ಮಾಡುವಾಗ ಆಂಕೆತಿಲನದೇ ಪದಪಟ್ಟಿಯಲ್ಲಿ ಹತ್ತಕ್ಕೆ ಆರೋ ಏಳೋ ಶುದ್ಧ ಸಂಸ್ಕೃತಶಬ್ದಗಳೆಂದು ಜೋನ್ಸನೇ ಬೆರಗಾಗಿ ಹೇಳಬೇಕಾಯಿತು.

೧೭೭೪ರಲ್ಲಿ ಆತನಿಗೆ ಬ್ಯಾರಿಸ್ಟರಿಕೆಯ ಸನ್ನದು ದೊರೆಯಿತು. ಪೌರಸ್ತ್ಯ ಗ್ರಂಥಗಳನ್ನು ಬದಿಗಿಟ್ಟು, ಆಕ್ಸ್‌ಫರ್ಡ್ ಸರ್ಕೀಟಿನಲ್ಲಿಯೂ ವೇಲ್ಸಿನ ಕಾರ್ಮಾರ್ಥನ್ ಸರ್ಕೀಟಿನಲ್ಲಿಯೂ ನ್ಯಾಯಾಧೀಶರ ಹಿಂದೆ ಊರೂರು ತಿರುಗುವ ಜೀವನವು ಮೊದಲಾಯಿತು. ೧೭೭೬ರಲ್ಲಿ ದಿವಾಳಿಗಳ ವಿಚಾರಣೆಗೆ ಕಮಿಷನರಾಗಿ ನೇಮಕವಾಯಿತು. ವೇಲ್ಸಿನ ಕೋರ್ಟುಗಳಲ್ಲಿ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ಕಕ್ಷಿಗಾರರಲ್ಲಿ ಬಹುಮಂದಿಯ ಭಾಷೆ ವೆಲ್ಷ್. ತನ್ನ ನೆಲದ ನ್ಯಾಯವನ್ನು ತನಗೆ ತಿಳಿಯದ ನುಡಿಯಲ್ಲಿ ಕೇಳುತ್ತ ನಿಂತ ರೈತನನ್ನು ಜೋನ್ಸನು ಮೊದಲು ಕಂಡದ್ದು ವಂಗದೇಶದಲ್ಲಲ್ಲ, ತಂದೆಯ ಸೀಮೆಯಲ್ಲಿಯೇ.

ಆ ವೃತ್ತಿಯ ಮೊದಲ ಫಲವು ೧೭೭೯ರಲ್ಲಿ ಹೊರಬಂದ ಇಸೇಯಸನ ಭಾಷಣಗಳ ಅನುವಾದ. ಇಸೇಯಸನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಥೆನ್ಸಿನಲ್ಲಿ ಕಕ್ಷಿಗಾರರಿಗೆ ವಾದಗಳನ್ನು ಬರೆದುಕೊಡುತ್ತಿದ್ದವನು. ಡೆಮಾಸ್ಥನೀಸನ ಗುರುವೆಂದು ಪ್ರತೀತಿ. ಜೋನ್ಸನು ಆತನ ಹತ್ತು ಭಾಷಣಗಳನ್ನು ಟಿಪ್ಪಣಿಗಳೊಡನೆ ಕೊಟ್ಟಿದ್ದಾನೆ. ವಿಷಯವೆಲ್ಲ ದಾಯಭಾಗವೇ: ಮಕ್ಕಳಿಲ್ಲದವನ ಆಸ್ತಿ ಯಾರಿಗೆ, ದತ್ತುಪುತ್ರನ ಹಕ್ಕು ಎಷ್ಟು, ಒಬ್ಬಳೇ ಮಗಳಿದ್ದರೆ ಅವಳೊಡನೆ ಆಸ್ತಿ ಯಾವ ಮನೆಗೆ ಹೋಗಬೇಕು, ಸತ್ತವನ ಉತ್ತರಕ್ರಿಯೆಯನ್ನು ಮಾಡಿದವನಾರು, ಮಾಡಿದುದಕ್ಕೆ ಸಾಕ್ಷಿಯುಂಟೆ. ಅಪುತ್ರನಾದವನು ತನ್ನ ಸಮಾಧಿಗೆ ವರ್ಷವರ್ಷವೂ ವಿಧಿಗಳು ನಡೆಯಲೆಂದು ದತ್ತು ತೆಗೆದುಕೊಳ್ಳುವ ಮಾತು ಮತ್ತೆ ಮತ್ತೆ ಬರುತ್ತದೆ. ಪಿಂಡೋದಕಗಳ ಜತೆಗೆ ರಿಕ್ಥವು ಹೋಗುವುದನ್ನೂ ‘ಪುತ್ರಿಕಾ’ ಎಂಬ ಮಗಳ ಸ್ಥಾನವನ್ನೂ ಧರ್ಮಶಾಸ್ತ್ರದಲ್ಲಿ ಓದಿದವರಿಗೆ ಈ ಗ್ರೀಕ್ ವ್ಯಾಜ್ಯಗಳು ನೆರೆಮನೆಯ ವ್ಯಾಜ್ಯಗಳಂತೆ ಕಾಣುತ್ತವೆ. ಅನುವಾದದ ಶೈಲಿಯನ್ನು ಹಾಫಿಜನ ಪದ್ಯದೊಡನೆ ಹೋಲಿಸಿದರೆ ಎಂಟು ವರ್ಷಗಳಲ್ಲಿ ನಡೆದ ಬದಲಾವಣೆ ತಿಳಿಯುವುದು. ಇಲ್ಲಿ ಒಂದು ಪದವೂ ಉಬ್ಬಿಲ್ಲ. ಒಂದು ವಿಶೇಷಣವನ್ನು ಹೆಚ್ಚಾಗಿ ಸೇರಿಸಿದರೆ ಒಬ್ಬನ ಹಕ್ಕು ಹೆಚ್ಚುವುದು, ಇನ್ನೊಬ್ಬನದು ಕುಗ್ಗುವುದು ಎಂಬ ಎಚ್ಚರವು ಪ್ರತಿವಾಕ್ಯದಲ್ಲಿಯೂ ಇದೆ. ಕಾವ್ಯಾನುವಾದಕನಿಗೆ ಕೋರ್ಟು ಕಲಿಸಿದ ಪಾಠವಿದು.

ಈ ಕಾಲದ ಕೃತಿಗಳಲ್ಲಿ ಶ್ರೇಷ್ಠವಾದದ್ದು ೧೭೮೧ರ ‘ಬೇಲ್‌ಮೆಂಟ್’ ಪ್ರಬಂಧ. ಒಬ್ಬನ ಒಡವೆಯು ಮತ್ತೊಬ್ಬನ ಕೈಗೆ ಹೋಗಿ, ಕೆಲಸವಾದ ಮೇಲೆ ಹಿಂದಿರುಗಬೇಕಾದ ಸಂಬಂಧಕ್ಕೆಲ್ಲ ಇಂಗ್ಲಿಷ್ ನ್ಯಾಯದಲ್ಲಿ ಈ ಹೆಸರು. ಕನ್ನಡದ ಮನೆಮಾತಿನಲ್ಲಿಯೇ ಇದರ ಪ್ರಭೇದಗಳೆಲ್ಲ ಇವೆ. ಊರಿಗೆ ಹೋಗುವವನು ನೆರೆಯವನಲ್ಲಿ ಇಟ್ಟುಹೋದ ಪೆಟ್ಟಿಗೆಯೊಂದು, ಮದುವೆಗೆಂದು ತಂದ ಎರವಿನ ಒಡವೆಯೊಂದು, ಸಾಲಕ್ಕೆ ಇಟ್ಟ ಒತ್ತೆಯೊಂದು, ಬಾಡಿಗೆಯ ಗಾಡಿಯೊಂದು, ಕೂಲಿಯಿಲ್ಲದೆ ಸ್ನೇಹದಿಂದ ವಹಿಸಿಕೊಂಡ ಕೆಲಸವೊಂದು. ರೋಮನರನ್ನು ಅನುಸರಿಸಿ ಜೋನ್ಸನು ಮಾಡಿದ ಐದು ವಿಭಾಗಗಳೂ ಇವೇ. ಒಡವೆಯು ಕಳೆದುಹೋದರೆ ಅಥವಾ ಕೆಟ್ಟರೆ ಹೊಣೆ ಯಾರದು ಎಂಬುದೇ ಪ್ರಶ್ನೆ.

ಇಂಗ್ಲೆಂಡಿನಲ್ಲಿ ಈ ವಿಷಯವು ಗೋಜಲಾಗಿತ್ತು. ೧೬೦೧ರ ಸೌತ್‌ಕೋಟನ ಮೊಕದ್ದಮೆಯ ಪ್ರಕಾರ, ಇಟ್ಟುಕೊಂಡವನ ಮನೆಯಲ್ಲಿ ಕಳವಾದರೂ ಅವನೇ ಹೊಣೆ. ೧೭೦೩ರಲ್ಲಿ ಇನ್ನೊಂದು ಮೊಕದ್ದಮೆ ಬಂದಿತು. ಬರ್ನಾರ್ಡನೆಂಬವನು ಕಾಗ್ಸನ ಬ್ರಾಂದಿಯ ಪೀಪಾಯಿಗಳನ್ನು ಒಂದು ನೆಲಮಾಳಿಗೆಯಿಂದ ಮತ್ತೊಂದಕ್ಕೆ ಸಾಗಿಸಿಕೊಡುವೆನೆಂದು ಒಪ್ಪಿಕೊಂಡು, ಅಜಾಗರೂಕತೆಯಿಂದ ಒಂದನ್ನು ಒಡೆದು ಬ್ರಾಂದಿಯನ್ನು ಚೆಲ್ಲಿದನು. ಕೂಲಿಯಿಲ್ಲದ ಕೆಲಸಕ್ಕೆ ಹೊಣೆಯುಂಟೆ? ಉಂಟೆಂದು ತೀರ್ಪಾಯಿತು, ಆ ಸಂದರ್ಭದಲ್ಲಿ ಮುಖ್ಯ ನ್ಯಾಯಾಧೀಶ ಹೋಲ್ಟನು ರೋಮನ್ ನ್ಯಾಯವನ್ನು ತಂದು, ಒಡವೆಯು ಪರಹಸ್ತವಾಗುವ ಬಗೆಗಳನ್ನು ಆರಾಗಿ ವಿಂಗಡಿಸಿ, ಸೌತ್‌ಕೋಟನ ಮೊಕದ್ದಮೆಯ ಕಟ್ಟನ್ನು ಸಡಿಲಿಸಿದನು. ಆದರೂ ಎಳೆಗಳು ಸಿಕ್ಕಾಗಿಯೇ ಉಳಿದಿದ್ದುವು. ಜೋನ್ಸನು ಆ ಸಿಕ್ಕನ್ನು ಬಿಡಿಸಿದ ರೀತಿ ಸೊಗಸಾದದ್ದು. ಮೊದಲು ವಿಶ್ಲೇಷಣೆ, ಬಳಿಕ ಇತಿಹಾಸ, ಕೊನೆಗೆ ಸಂಯೋಜನೆ. ವಿಶ್ಲೇಷಣೆಯಿಂದ ಆತನು ಕಂಡ ಸೂತ್ರವು ಒಂದು ಶಾಲೆಯ ಲೆಕ್ಕದಷ್ಟು ಸರಳ. ಲಾಭವು ಕೊಟ್ಟವನಿಗೆ ಮಾತ್ರವಾದರೆ, ಇಟ್ಟುಕೊಂಡವನು ಘೋರವಾದ ಅನಾದರಕ್ಕೆ ಮಾತ್ರ ಹೊಣೆ. ಲಾಭವು ಇಬ್ಬರಿಗೂ ಉಂಟಾದರೆ ಸಾಧಾರಣವಾದ ಅನಾದರಕ್ಕೆ ಹೊಣೆ. ಎರವು ತಂದವನಂತೆ ಲಾಭವೆಲ್ಲ ಪಡೆದವನದೇ ಆದರೆ ಅತ್ಯಲ್ಪವಾದ ಅನಾದರಕ್ಕೂ ಹೊಣೆ. ಗಣಿತಜ್ಞನ ಮಗನೆಂಬುದು ಇಲ್ಲಿ ನೆನಪಾಗದೆ ಇರದು. ಮೀಮಾಂಸಕರ ಅಧಿಕರಣದ ಕ್ರಮ, ಎಂದರೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂಬ ನಡೆ, ಈ ಪುಸ್ತಕದಲ್ಲಿ ಯಾರೂ ಹೇಳಿಕೊಡದೆ ಬಂದಿದೆ.

ಇತಿಹಾಸಭಾಗವೇ ಇದರ ಆಶ್ಚರ್ಯ. ರೋಮ್, ಗ್ರೀಸ್, ವೇಲ್ಸ್ ಮೊದಲಾದ ಕಡೆಗಳ ನಿಬಂಧನೆಗಳನ್ನು ತೂಗಿನೋಡುತ್ತ ಹೋದವನು ಹಿಂದೂಗಳ ಧರ್ಮಶಾಸ್ತ್ರವನ್ನೂ ಸಾಕ್ಷಿಗೆ ಕರೆಯುತ್ತಾನೆ. ಆಗ ಆತನಿಗೆ ಸಂಸ್ಕೃತದ ಒಂದು ಅಕ್ಷರವೂ ತಿಳಿಯದು. ಹನ್ನೊಂದು ಮಂದಿ ಪಂಡಿತರು ಸಂಗ್ರಹಿಸಿದ ವಿವಾದಾರ್ಣವಸೇತುವು ಪಾರಸಿಗೆ ಇಳಿದು, ಪಾರಸಿಯಿಂದ ಹಾಲ್‌ಹೆಡ್ಡನ ಇಂಗ್ಲಿಷಿಗೆ ಬಂದು ೧೭೭೬ರಲ್ಲಿ ಅಚ್ಚಾಗಿತ್ತು. ಎರಡು ಭಾಷೆಗಳ ಜರಡಿಯಲ್ಲಿ ಸೋಸಿಬಂದ ಆ ಪುಸ್ತಕದಲ್ಲಿಯೂ ನಿಕ್ಷೇಪದ ನಿಯಮಗಳು ತನ್ನ ಸೂತ್ರದೊಡನೆ ಹೊಂದುವುದನ್ನು ಕಂಡು ಜೋನ್ಸನು ಸಂತೋಷಪಟ್ಟು, ಪಕ್ಷಪಾತವಿಲ್ಲದ ವಿವೇಕವು ಎಲ್ಲ ದೇಶಗಳಲ್ಲಿಯೂ ಒಂದೇ ನಿರ್ಣಯಕ್ಕೆ ಬರುವುದೆಂದು ಬರೆದಿದ್ದಾನೆ. ಆತನು ಮೂಲವನ್ನು ನೋಡಿದ್ದರೆ ಸಂತೋಷವು ಇಮ್ಮಡಿಯಾಗುತ್ತಿತ್ತು. ಯಾಜ್ಞವಲ್ಕ್ಯನು ಉಪನಿಧಿಯನ್ನು ಹೇಳುವಾಗ ರಾಜನಿಂದ, ದೈವದಿಂದ, ಕಳ್ಳರಿಂದ ಹೋದುದನ್ನು ಇಟ್ಟುಕೊಂಡವನು ಕೊಡಬೇಕಾಗಿಲ್ಲವೆಂದು ವಿಧಿಸಿ, ಅದೇ ಕ್ರಮವನ್ನು ಯಾಚಿತ, ಅನ್ವಾಹಿತ, ನ್ಯಾಸ, ನಿಕ್ಷೇಪಗಳಿಗೂ ವಿಸ್ತರಿಸಿದ್ದಾನೆ. ಸೌತ್‌ಕೋಟನ ಮೊಕದ್ದಮೆಯ ಕಳ್ಳನ ಪ್ರಶ್ನೆಗೆ ಉತ್ತರವು ಅಲ್ಲಿಯೇ ಇತ್ತು. ಆ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದದ್ದು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕನ್ನಡನಾಡಿನ ಕಲ್ಯಾಣದಲ್ಲಿ.

ಬೇಲ್‌ಮೆಂಟ್ ಪ್ರಬಂಧಕ್ಕೆ ಮುಂದೆ ಒದಗಿದ ಗತಿಯನ್ನೂ ಹೇಳಬೇಕು. ಗಿಬ್ಬನನು ತನ್ನ ರೋಮನ್ ಚರಿತ್ರೆಯ ಅಡಿಟಿಪ್ಪಣಿಯಲ್ಲಿ ಜೋನ್ಸನ ಬಹುದೇಶೀಯ ನ್ಯಾಯಪಾಂಡಿತ್ಯವನ್ನು ಹೊಗಳಿದನು. ಅಮೆರಿಕದ ನ್ಯಾಯಾಧೀಶ ಸ್ಟೋರಿ ೧೮೩೨ರಲ್ಲಿ ಅದೇ ವಿಷಯದ ಮೇಲೆ ದೊಡ್ಡ ಗ್ರಂಥವನ್ನು ರಚಿಸುವಾಗ ಇದನ್ನು ಮುಂದಿಟ್ಟುಕೊಂಡನು. ಆದರೆ ೧೮೭೨ರ ಇಂಡಿಯನ್ ಕಾಂಟ್ರಾಕ್ಟ್ ಆಕ್ಟಿನ 151ನೆಯ ಕಲಮು ಮೂರು ಅಂತಸ್ತುಗಳ ಲೆಕ್ಕವನ್ನು ಕೈಬಿಟ್ಟಿತು. ಎಲ್ಲ ಬಗೆಗಳಲ್ಲಿಯೂ ಸಾಧಾರಣ ವಿವೇಕಿಯು ತನ್ನ ಸ್ವಂತ ವಸ್ತುವಿನಲ್ಲಿ ತೋರುವಷ್ಟು ಎಚ್ಚರಿಕೆಯೇ ಸಾಕೆಂದು ಅದರ ವಿಧಿ. ಜೋನ್ಸನು ನ್ಯಾಯಾಧೀಶನಾಗಿ ಬಾಳಿ ಮಡಿದ ದೇಶವೇ ಆತನ ಸೂತ್ರವನ್ನು ಒಪ್ಪಲಿಲ್ಲವೆಂಬುದು ವಿಚಿತ್ರ. ಸೂತ್ರದ ಸೊಗಸಿಗೆ ಮರುಳಾಗಿ ವ್ಯವಹಾರದ ಒರಟನ್ನು ಮರೆತನೆಂಬ ಆಕ್ಷೇಪಕ್ಕೆ ಆತನು ಪೂರ್ಣವಾಗಿ ಹೊರತಲ್ಲ.

೧೭೮೨ರ ‘ಪಂಡಿತ ಮತ್ತು ರೈತ’ ಸಂವಾದವು ಚಿಕ್ಕದು, ಕಾವ್ಯಗುಣವೂ ಅದರಲ್ಲಿಲ್ಲ. ರಾಜ್ಯಾಡಳಿತವೆಂಬುದು ಹಳ್ಳಿಯ ಸಹಾಯಸಂಘದಂತೆ ಎಲ್ಲರ ಒಪ್ಪಿಗೆಯಿಂದ ನಡೆಯತಕ್ಕದ್ದೆಂದು ರೈತನ ಬಾಯಿಂದಲೇ ಹೇಳಿಸಿದ್ದಾನೆ. ಅದನ್ನು ವೇಲ್ಸಿನಲ್ಲಿ ಮರಳಿ ಅಚ್ಚು ಹಾಕಿಸಿದ ಸೇಂಟ್ ಆಸಫಿನ ಡೀನ್ ಷಿಪ್ಲಿಯ ಮೇಲೆ ರಾಜದ್ರೋಹದ ಲೇಖನವೆಂದು ಮೊಕದ್ದಮೆ ನಡೆಯಿತು; ಆ ಚರ್ಚೆಯ ಫಲವಾಗಿ ೧೭೯೨ರಲ್ಲಿ ಫಾಕ್ಸನ ಶಾಸನವು ಹುಟ್ಟಿತು. ಅಮೆರಿಕದ ಯುದ್ಧವನ್ನು ವಿರೋಧಿಸಿದವನಾದುದರಿಂದ ಜೋನ್ಸನು ಬಯಸಿದ ಕಲ್ಕತ್ತೆಯ ನ್ಯಾಯಾಧೀಶಪದವಿಯು ವರ್ಷಗಟ್ಟಲೆ ಕೈಗೆ ಬಾರದೆ, ೧೭೮೩ರಲ್ಲಿ ಬಂದಿತು. ವರ್ಷಕ್ಕೆ ಆರು ಸಾವಿರ ಪೌಂಡು ಸಂಬಳ. ಆ ಏಪ್ರಿಲಿನಲ್ಲಿ ಡೀನನ ಸೋದರಿಯನ್ನೇ ಮದುವೆಯಾಗಿ, ಸೆಪ್ಟೆಂಬರಿನಲ್ಲಿ ಕಲ್ಕತ್ತೆಯನ್ನು ತಲಪಿದನು. ಪ್ರಜೆಗಳ ಒಪ್ಪಿಗೆಯನ್ನು ಕುರಿತು ಅಷ್ಟು ಚೆನ್ನಾಗಿ ಬರೆದವನು ಭರತಖಂಡದ ಪ್ರಜೆಗಳ ಒಪ್ಪಿಗೆಯನ್ನು ಕೇಳಬೇಕೆಂದು ಎಲ್ಲಿಯೂ ಸೂಚಿಸಲಿಲ್ಲ.

ಕಲ್ಕತ್ತೆಯಲ್ಲಿ ಪೂರ್ವಕೃತಿಗಳ ಫಲಗಳೆಲ್ಲ ಒಂದೊಂದಾಗಿ ಕಾಣಿಸಿಕೊಂಡುವು. ಜೋನ್ಸನು ೧೭೮೫ರಲ್ಲಿ ಸಂಸ್ಕೃತಕ್ಕೆ ಕೈಹಾಕಿದ್ದು ಕಾಳಿದಾಸನಿಗಾಗಿ ಅಲ್ಲ. ಕೋರ್ಟಿನ ಪಂಡಿತರು ಕೊಡುವ ವ್ಯವಸ್ಥೆಗಳನ್ನು ಆತನು ನಂಬಲಾರದಾದನು. ಅವರು ಹೇಳಿದುದೇ ಶಾಸ್ತ್ರವೆಂದು ಒಪ್ಪಿಕೊಂಡು ತೀರ್ಪು ಬರೆಯುವುದು ಆತನಿಗೆ ಸಹಿಸದಾಯಿತು. ನವದ್ವೀಪದ ಕಡೆ ಕೃಷ್ಣನಗರದಲ್ಲಿ ರಜೆಗಳನ್ನು ಕಳೆಯುತ್ತ, ರಾಮಲೋಚನನೆಂಬ ವೈದ್ಯಜಾತಿಯ ವಿದ್ವಾಂಸನಲ್ಲಿ ಪಾಠ ಹೇಳಿಸಿಕೊಂಡನು. ಅವಿಶ್ವಾಸದಿಂದ ಮೊದಲಾದ ಓದು ಭಕ್ತಿಗೆ ತಿರುಗಿದ್ದು ಆತನ ಹೃದಯದ ದೊಡ್ಡತನ. ಆದರೂ ಅವಿಶ್ವಾಸದ ಮಾತನ್ನು ಮುಚ್ಚಿಡುವುದು ಯುಕ್ತವಲ್ಲ. ಒಂದು ವಿಷಯಕ್ಕೆ ಇಬ್ಬರು ಪಂಡಿತರು ಎರಡು ವ್ಯವಸ್ಥೆಗಳನ್ನು ಕೊಟ್ಟರೆ ಒಬ್ಬನಾದರೂ ಲಂಚ ತಿಂದವನೆಂದು ಭಾವಿಸುವುದು ಇಂಗ್ಲಿಷ್ ಕೋರ್ಟಿನ ಬುದ್ಧಿ. ಸ್ಮೃತಿಗಳಲ್ಲಿಯೇ ವಿಕಲ್ಪಗಳುಂಟು, ದೇಶಾಚಾರವುಂಟು, ವಂಗದೇಶದ ಜೀಮೂತವಾಹನನ ದಾಯಭಾಗವೂ ದಕ್ಷಿಣದ ಮಿತಾಕ್ಷರೆಯೂ ಒಂದೇ ವಚನಕ್ಕೆ ಬೇರೆ ಬೇರೆ ಅರ್ಥವನ್ನು ಮಾಡುತ್ತವೆ. ಭೇದವು ಶಾಸ್ತ್ರದ ಜೀವಲಕ್ಷಣವೇ ಹೊರತು ವ್ಯಾಖ್ಯಾತೃವಿನ ಅಪರಾಧವಲ್ಲ. ಆಂಕೆತಿಲನನ್ನು ಸುಳ್ಳನೆಂದವನ ಅವಸರವೇ ಇಲ್ಲಿಯೂ ಇದೆ. ಭೇದವಿದೆಯೇ, ಹಾಗಿದ್ದರೆ ಒಂದು ಸಾಕ್ಷಿ ಸುಳ್ಳು ಎಂಬ ತರ್ಕವು ಗ್ರಂಥಗಳಿಗೆ ಸಲ್ಲದು.

ಇದಕ್ಕೆ ಜೋನ್ಸನು ಕಂಡುಕೊಂಡ ಪರಿಹಾರವು ಜಸ್ಟಿನಿಯನನ ಮಾದರಿಯ ಒಂದು ಮಹಾಸಂಗ್ರಹ. ೧೭೮೮ರಲ್ಲಿ ಕಾರ್ನ್‌ವಾಲಿಸನಿಗೆ ಬರೆದು ಒಪ್ಪಿಗೆ ಪಡೆದನು. ವಯೋವೃದ್ಧನಾದ ಜಗನ್ನಾಥ ತರ್ಕಪಂಚಾನನನು ವಿವಾದಭಂಗಾರ್ಣವವನ್ನು ರಚಿಸಿದನು. ಅನುವಾದವು ಮುಗಿಯುವ ಮೊದಲೇ, ೧೭೯೪ನೆಯ ಏಪ್ರಿಲ್ ೨೭ರಂದು ಜೋನ್ಸನು ಕಾಲವಾದುದರಿಂದ ಕೋಲ್‌ಬ್ರೂಕನು ಅದನ್ನು ಪೂರೈಸಿದನು. ಆ ಸಂಗ್ರಹದ ವಿಷಯಗಳು ಎರಡೇ: ಒಡಂಬಡಿಕೆ ಮತ್ತು ದಾಯ. ೧೭೮೧ರ ಪಾರ್ಲಿಮೆಂಟ್ ಶಾಸನವು ದೇಶೀಯರ ನ್ಯಾಯಕ್ಕೆ ಬಿಟ್ಟುಕೊಟ್ಟ ವಿಷಯಗಳು ಇವೆರಡಾದುದೇ ಇದಕ್ಕೆ ಕಾರಣವೆಂಬುದು ನಿಜ. ಆದರೆ ಬೇಲ್‌ಮೆಂಟಿನ ಗ್ರಂಥಕರ್ತನೂ ಇಸೇಯಸನ ಅನುವಾದಕನೂ ಆದ ನ್ಯಾಯಾಧೀಶನು ಅಲ್ಲದೆ ಬೇರೊಬ್ಬನಾಗಿದ್ದರೆ ಆ ಶಾಸನದ ಎರಡು ಶಬ್ದಗಳಿಂದ ಅಷ್ಟು ದೊಡ್ಡ ಗ್ರಂಥವು ಹುಟ್ಟುತ್ತಿರಲಿಲ್ಲ.

೧೭೯೪ರಲ್ಲಿ ಅಚ್ಚಾದ ಮನುಸ್ಮೃತಿಯ ಅನುವಾದದಲ್ಲಿ ಹಳೆಯ ಬ್ಯಾರಿಸ್ಟರನ ಕೈಬರಹವು ಸ್ಪಷ್ಟವಾಗಿದೆ. ಎಂಟನೆಯ ಅಧ್ಯಾಯದಲ್ಲಿ ಹದಿನೆಂಟು ವ್ಯವಹಾರಪದಗಳನ್ನು ಹೇಳುವಾಗ ಮನುವು ಎರಡನೆಯದಾಗಿ ನಿಕ್ಷೇಪವೆಂದಷ್ಟೇ ಹೇಳುತ್ತಾನೆ. ಜೋನ್ಸನ ಇಂಗ್ಲಿಷಿನಲ್ಲಿ ಅದು ಎರಡಾಗಿದೆ: ಇರಿಸಿದ ಒಡವೆ ಮತ್ತು ಬಳಕೆಗೆ ತಂದ ಎರವು. ಮೊದಲನೆಯ ಪದವಾದ ಋಣಾದಾನಕ್ಕೂ ‘ಖರ್ಚುಮಾಡಿಬಿಡತಕ್ಕ ಸಾಲ’ವೆಂಬ ರೋಮನ್ ವಿಶೇಷಣವು ಅಂಟಿಕೊಂಡಿದೆ. ಇದನ್ನು ಮೂಲಕ್ಕೆ ಮಾಡಿದ ಅಪಚಾರವೆಂದು ಕೂಡಲೆ ಹೇಳಬಹುದಾಗಿತ್ತು. ಆದರೆ ಯಾಚಿತಕ್ಕೂ ಉಪನಿಧಿಯ ವಿಧಿಯೇ ಸಲ್ಲುವುದೆಂದು ಯಾಜ್ಞವಲ್ಕ್ಯನು ಹೇಳಿರುವುದರಿಂದ ಅರ್ಥದಲ್ಲಿ ದೋಷವಿಲ್ಲ. ದೋಷವಿರುವುದು ಔಚಿತ್ಯದಲ್ಲಿ. ಸ್ಮೃತಿಕಾರನ ತುಟಿಯಲ್ಲಿ ಅಲ್ಪಾಕ್ಷರವಾಗಿ ನಿಂತ ಶಬ್ದವು ವೆಸ್ಟ್‌ಮಿನ್‌ಸ್ಟರಿನ ದಸ್ತೈವಜಿನಂತೆ ಉದ್ದವಾಗಿದೆ. ಮನುವಿನ ಮಾತನ್ನೂ ಕುಲ್ಲೂಕಭಟ್ಟನ ವಿವರಣೆಯನ್ನೂ ಬೇರೆ ಬೇರೆ ಅಚ್ಚಿನ ಅಕ್ಷರಗಳಿಂದ ವಿಂಗಡಿಸಿ ತೋರಿಸಿರುವ ಪ್ರಾಮಾಣಿಕತೆಯಾದರೋ ಪ್ರಶಂಸನೀಯ. ಯಾರ ಮಾತು ಯಾವುದೆಂದು ದಾಖಲೆಯಲ್ಲಿ ಬೇರ್ಪಡಿಸುವ ಈ ಅಭ್ಯಾಸವೂ ಕೋರ್ಟಿನದೇ.

೧೭೮೬ನೆಯ ಫೆಬ್ರವರಿ ೨ರ ಪ್ರಸಿದ್ಧ ಉಪನ್ಯಾಸವನ್ನು ಭಾಷಾಶಾಸ್ತ್ರದ ಜನ್ಮಪತ್ರವೆಂದು ಹೊಗಳುವುದುಂಟು. ಸಂಸ್ಕೃತಕ್ಕೂ ಪಾಶ್ಚಾತ್ಯ ಭಾಷೆಗಳಿಗೂ ಇರುವ ಹೋಲಿಕೆಯನ್ನು ಕಂಡವರಲ್ಲಿ ಜೋನ್ಸನು ಮೊದಲಿಗನಲ್ಲ. ದಕ್ಷಿಣದಲ್ಲಿದ್ದ ಕರ್ಡೂ ಎಂಬ ಪಾದ್ರಿಯು ೧೭೬೭ರಲ್ಲಿಯೇ ಫ್ರಾನ್ಸಿಗೆ ಬರೆದಿದ್ದನು. ಜೋನ್ಸನದು ಪುರಾವೆಯನ್ನು ತೂಗಿದ ರೀತಿ. ಮೂವರು ಸಾಕ್ಷಿಗಳು ಧಾತುಗಳಲ್ಲಿಯೂ ವ್ಯಾಕರಣರೂಪಗಳಲ್ಲಿಯೂ ಒಂದೇ ಮಾತನ್ನು ಹೇಳುತ್ತಾರೆ, ಇದು ಆಕಸ್ಮಿಕವಾಗಲಾರದು, ಆದುದರಿಂದ ಮೂವರಿಗೂ ಮೂಲವೊಂದಿರಬೇಕು, ಆ ಮೂಲವು ಬಹುಶಃ ಈಗ ಉಳಿದಿಲ್ಲ. ಕಳೆದುಹೋದ ಮೂಲಪತ್ರವನ್ನು ನಕಲುಗಳಿಂದ ಸಾಧಿಸುವ ಈ ಅನುಮಾನವು ವ್ಯಾಕರಣದ ಮನೆಯದಲ್ಲ, ನ್ಯಾಯಸ್ಥಾನದ್ದು. ಮಿಡ್ಲ್ ಟೆಂಪಲಿನಲ್ಲಿ ಉಣ್ಣದ ಬರಿಯ ವೈಯಾಕರಣನಾಗಿದ್ದರೆ ಆತನು ಸಂಸ್ಕೃತವನ್ನೇ ಗ್ರೀಕಿನ ತಾಯಿಯೆಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದನೇನೋ. ಪುರಾವೆಯಿಲ್ಲದೆಡೆಯಲ್ಲಿಯೂ ವಾದಿಸುವ ಚಪಲವು ಮಾತ್ರ ಪೂರ್ಣವಾಗಿ ಹೋಗಲಿಲ್ಲ. ೧೭೯೦ರ ಉಪನ್ಯಾಸದಲ್ಲಿ ಚೀನದವರನ್ನು ಹಿಂದೂಗಳ ಸಂತತಿಯೆಂದು ಸಾಧಿಸಹೊರಟಿದ್ದಾನೆ.

೧೭೮೯ರ ಶಾಕುಂತಲದ ಅನುವಾದವು ಗದ್ಯದಲ್ಲಿದೆ. ಮೊದಲು ಪದಕ್ಕೆ ಪದವಾಗಿ ಲ್ಯಾಟಿನಿಗೆ ಇಳಿಸಿ, ಅಲ್ಲಿಂದ ಇಂಗ್ಲಿಷಿಗೆ ತಂದದ್ದು. ಶೃಂಗಾರದ ಕೆಲವೆಡೆಗಳಲ್ಲಿ ಆಂಗ್ಲ ವಾಚಕರ ಸಂಕೋಚಕ್ಕೆ ಅಂಜಿ ಮೃದುಮಾಡಿದ್ದಾನೆ. ಅದನ್ನು ಕ್ಷಮಿಸುವುದು ಕಷ್ಟ. ಆದರೆ ಹಾಫಿಜನನ್ನು ಮೂರರಷ್ಟು ಉಬ್ಬಿಸಿದ ಕೈ ಇದೇ ಎಂದರೆ ನಂಬಲಾಗದು. ಐದನೆಯ ಅಂಕವಾದರೋ ಒಂದು ವಿಚಾರಣೆಯೇ. ವಾದಿಯ ಏಕಮಾತ್ರ ಪುರಾವೆಯು ಶಚೀತೀರ್ಥದ ನೀರಿನಲ್ಲಿ ಬಿದ್ದುಹೋಗಿದೆ. ಅದಕ್ಕೆ ಮುಂಚೆ ನಾಲ್ಕನೆಯ ಅಂಕದ ಕೊನೆಯಲ್ಲಿ, ಮಗಳನ್ನು ಕಳುಹಿಸಿಕೊಟ್ಟ ಕಣ್ವನು ತನ್ನ ಮನಸ್ಸು ತಿಳಿಯಾದುದನ್ನು ಹಿಂದಿರುಗಿಸಿದ ನ್ಯಾಸದ ಉಪಮೆಯಿಂದ ಹೇಳಿಕೊಳ್ಳುತ್ತಾನಷ್ಟೆ. ಎಂಟು ವರ್ಷಗಳ ಹಿಂದೆ ನ್ಯಾಸದ ಮೇಲೆಯೇ ಒಂದು ಪುಸ್ತಕವನ್ನು ಬರೆದಿದ್ದವನ ಲೇಖನಿಯು ಆ ಶಬ್ದದ ಬಳಿ ಬಂದಾಗ ಲಂಡನಿನ ದಿನಗಳು ನೆನಪಾಗದೆ ಇದ್ದಿರಲಾರದು. ಲಾಭವೆಲ್ಲ ಪರರದಾಗಿ, ಕೂಲಿಯಿಲ್ಲದೆ ಇಟ್ಟುಕೊಂಡವನು ಘೋರವಾದ ಅನಾದರಕ್ಕೆ ಮಾತ್ರ ಹೊಣೆಯೆಂಬುದು ಜೋನ್ಸನ ಸೂತ್ರ. ಕಣ್ವನು ಅಷ್ಟಕ್ಕೆ ನಿಲ್ಲಲಿಲ್ಲ. ತಾನು ಹೆರದ ಮಗುವನ್ನು ಹಕ್ಕಿಗಳ ನಡುವಿನಿಂದ ಎತ್ತಿತಂದು ಸಾಕಿ, ಹೋಗುವ ದಿನ ಕಣ್ಣೀರು ಸುರಿಸಿ, ಮರಗಳಿಗೂ ಹೇಳಿ ಕಳುಹಿಸಿಕೊಟ್ಟನು.